ಅಂತರಗಂಗೆ ಬೆಟ್ಟದ ಬುಡದಲ್ಲಿ ಎರಡಡಿ ಉದ್ದದ ಕೆರೆ

ಭಾವ ಮನೆ ಬದಲಾಯಿಸುವಾಗ ಬಿಟ್ಟುಹೋದ ಗಾಜಿನ ಟ್ಯಾಂಕ್ ನಾಲ್ಕು ವರ್ಷದಿಂದ ನಮ್ಮ ಮಹಡಿ ಮೇಲೆ ಬಿದ್ದಿತ್ತು. ಒಂದು ವರ್ಷ ಅಮ್ಮ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಳು. ಆಮೇಲೆ ಈರುಳ್ಳಿ. ಆಮೇಲೆ ಯಾರಿಗೂ ಬೇಡವಾದ ಹಳೇ ವೈರು, ತೂತು ಬಿದ್ದ ಪೈಪು. ಜನವರಿಯಲ್ಲಿ ಒಂದು ದಿನ ಮಗಳು, "ಅಪ್ಪಾ, ಇದು ಮೀನಿನ ಪೆಟ್ಟಿಗೆ ಅಲ್ವಾ? ವೈರ್ ಯಾಕೆ ತುಂಬಿದ್ದೀರ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಳಗೆ ಇಳಿಸಿದೆ.

24 ಇಂಚು ಉದ್ದ, 12 ಅಗಲ, 15 ಎತ್ತರ. ಗಾಜು 6 ಎಂಎಂ. ಅಂಚಿನವರೆಗೆ ತುಂಬಿದರೆ 70 ಲೀಟರ್. ಮಣ್ಣು, ಮರಳು, ಕಲ್ಲು ಹಾಕಿ ಮೇಲೆ ಎರಡು ಬೆರಳು ಬಿಟ್ಟರೆ 55 ಲೀಟರ್ ನೀರು ಹಿಡಿಯುತ್ತದೆ. ಸಣ್ಣ ಮೀನಿಗೆ ಧಾರಾಳ. ಮಗಳಿಗೆ ಗೋಲ್ಡ್‌ಫಿಶ್ ಬೇಕಿತ್ತು. ಬೇಡ ಅಂದೆ. ಅದು ಅಂಗೈಯಷ್ಟು ಬೆಳೆಯುವ ಮೀನು. ಗಿಡ ಇಟ್ಟರೆ ಮೇಕೆ ಸೊಪ್ಪು ಮೇಯ್ದ ಹಾಗೆ ಮೇಯುತ್ತದೆ.

ಇದನ್ನು ಜುಲೈನಲ್ಲಿ ಬರೆಯುತ್ತಿದ್ದೇನೆ. ಆರು ತಿಂಗಳು ನೋಟ್‌ಬುಕ್ಕಲ್ಲಿ ಗೀಚಿಕೊಂಡದ್ದೇ ಇಲ್ಲಿರುವುದು. ನಾನು ನೋಡಿದ ವಿಡಿಯೋಗಳಲ್ಲೆಲ್ಲ "ಈಗ ನಲ್ಲಿ ನೀರು ತುಂಬಿಸಿ" ಅಂತ ಒಂದೇ ಮಾತಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಕೋಲಾರದಲ್ಲಿ ತೊಂದರೆ ಶುರುವಾಗುವುದೇ ಅಲ್ಲಿಂದ.

ಸೋರುವ ಮೂಲೆ

ಮಹಡಿ ಬಿಸಿಲಿಗೆ ಒಳಗಿನ ಮೂಲೆಗಳ ಸಿಲಿಕೋನ್ ಒಣಗಿ ಅಂಚೆದ್ದಿತ್ತು. ಉಗುರಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಬರುತ್ತಿತ್ತು. ಆದರೂ ಒಂದು ಸಲ ನೋಡೋಣ ಅಂತ ಅಂಗಳದಲ್ಲಿ ಹಳೇ ಪೇಪರ್ ಹಾಸಿ, ಮೇಲೆ ಟ್ಯಾಂಕ್ ಇಟ್ಟು ನೀರು ತುಂಬಿದೆ. ಅರ್ಧ ಗಂಟೆಗೆ ಎಡಗಡೆ ಹಿಂದಿನ ಮೂಲೆಯ ಪೇಪರ್ ಒದ್ದೆಯಾಯಿತು.

ಗಾಜಿಗೂ ಗಾಜಿಗೂ ನಡುವೆ ಇರುವ ಸಿಲಿಕೋನ್ ಬೇರೆ, ಒಳಗಡೆ ಮೂಲೆಗೆ ಬಳಿದಿರುವ ಪಟ್ಟಿ ಬೇರೆ. ಮೊದಲನೆಯದು ಟ್ಯಾಂಕನ್ನು ಹಿಡಿದು ನಿಲ್ಲಿಸುತ್ತದೆ. ಎರಡನೆಯದು ಅದಕ್ಕೆ ಕಾವಲು. ನನ್ನ ಅದೃಷ್ಟಕ್ಕೆ ಒಂದು ಕಡೆ ಕೂದಲೆಳೆಯಷ್ಟು ದಾರಿ ಬಿಟ್ಟದ್ದು ಬಿಟ್ಟರೆ ಮೊದಲನೆಯದು ಗಟ್ಟಿಯಾಗಿಯೇ ಇತ್ತು. ಅದೇ ಹೋಗಿದ್ದರೆ ಐದೂ ಗಾಜು ಬಿಚ್ಚಿ ಮತ್ತೆ ಜೋಡಿಸಬೇಕು. ಅಷ್ಟು ಒದ್ದಾಡುವ ಬದಲು ಹೊಸ ಟ್ಯಾಂಕ್ ತರುವುದೇ ವಾಸಿ.

ಹೊಸ ಸಿಲಿಕೋನ್ ಹಳೇ ಸಿಲಿಕೋನಿಗೆ ಅಂಟುವುದಿಲ್ಲ. ಸೋರುವ ಕಡೆ ಮಾತ್ರ ಮೇಲಿಂದ ಒಂದಿಷ್ಟು ಮೆತ್ತಿದರೆ ಸ್ವಲ್ಪ ದಿನದಲ್ಲಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಹಾಗಾಗಿ ಒಳಗಿನ ಪಟ್ಟಿ ಎಲ್ಲ ಮೂಲೆಯದ್ದೂ ತೆಗೆದೆ. ಬ್ಲೇಡನ್ನು ಗಾಜಿಗೆ ಮಲಗಿಸಿ ಹಿಡಿದು ತಳ್ಳಬೇಕು. ಎತ್ತಿ ಹಿಡಿದರೆ ಬ್ಲೇಡ್ ತುದಿ ಮೂಲೆಯೊಳಗೆ ನುಗ್ಗಿ ಗಟ್ಟಿ ಇರುವ ಜೋಡಣೆಯನ್ನೂ ಕುಯ್ದುಬಿಡುತ್ತದೆ. ಎರಡು ಸಂಜೆ, ನಾಲ್ಕು ಬ್ಲೇಡ್, ಹೆಬ್ಬೆರಳಿಗೆ ಒಂದು ಗಾಯ. ಕೊನೆಗೆ ಬಟ್ಟೆಗೆ ಅಸಿಟೋನ್ ಹಾಕಿ ಮೂಲೆಗಳನ್ನು ಒರೆಸಿದೆ. ಆಮೇಲೆ ಅಲ್ಲಿ ಬೆರಳು ಮುಟ್ಟಿಸಬಾರದು. ಬೆರಳಿನ ಜಿಡ್ಡು ಸಾಕು, ಸಿಲಿಕೋನ್ ಕೂರುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕೋನ್ ಕೇಳಿದರೆ ಬಾತ್‌ರೂಮಿಗೆ ಹಾಕುವ ಟ್ಯೂಬ್ ಕೊಟ್ಟರು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದೆ. ಬೂಷ್ಟು ಬರದ ಹಾಗೆ ಔಷಧಿ ಸೇರಿಸಿದ ಮಾಲು. ಬೂಷ್ಟನ್ನು ಕೊಲ್ಲುವುದು ಮೀನಿಗೆ ಒಳ್ಳೆಯದು ಮಾಡೀತೇ? ವಾಪಸ್ ಕೊಟ್ಟು, ಔಷಧಿ ಇಲ್ಲದ, ವಿನೆಗರ್ ವಾಸನೆ ಬರುವ ಸಾದಾ ಸಿಲಿಕೋನ್ ತಂದೆ. ಮೂಲೆಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗನ್ನಿನಿಂದ ಒಂದೇ ಎಳೆತಕ್ಕೆ ಎಳೆದು, ಸೋಪಿನ ನೀರಲ್ಲಿ ಅದ್ದಿದ ಬೆರಳಿಂದ ಒಂದೇ ಸಲ ಸವರಿದೆ. ಎರಡನೇ ಸಲ ಸವರಿದರೆ ಹಾಳು. ಐದು ನಿಮಿಷದಲ್ಲಿ ಮೇಲೆ ಪೊರೆ ಕಟ್ಟಿರುತ್ತದೆ, ಅದು ಬೆರಳಿನ ಜೊತೆ ಎದ್ದು ಬರುತ್ತದೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಒಂದು ಮೂಲೆಯನ್ನು ಮತ್ತೆ ಕೆರೆದು ಮತ್ತೆ ಎಳೆದೆ. ಟೇಪನ್ನು ಸಿಲಿಕೋನ್ ಹಸಿ ಇರುವಾಗಲೇ ಕೀಳಬೇಕು.

ಒಂದು ವಾರ ಮುಟ್ಟಲಿಲ್ಲ. ಮನೆಯೆಲ್ಲ ಉಪ್ಪಿನಕಾಯಿ ಅಂಗಡಿ ವಾಸನೆ. ಎಂಟನೇ ದಿನ ಮತ್ತೆ ಪೇಪರ್ ಹಾಸಿ ನೀರು ತುಂಬಿ ಮೂರು ದಿನ ಬಿಟ್ಟೆ. ಪೇಪರ್ ಗರಿಗರಿಯಾಗಿಯೇ ಇತ್ತು.

ಸ್ಟ್ಯಾಂಡು

ನೀರು, ಗಾಜು, ಮಣ್ಣು ಎಲ್ಲ ಸೇರಿ ತೂಕ ಹತ್ತಿರ ಹತ್ತಿರ ಒಂದು ಕ್ವಿಂಟಲ್. ಟಿವಿ ಸ್ಟ್ಯಾಂಡ್ ಮೇಲೆ ಇಡೋಣ ಅಂದಳು ಹೆಂಡತಿ. ಆಗಲ್ಲ ಅಂದೆ. ಬೈಪಾಸ್ ಕಡೆಯ ವೆಲ್ಡಿಂಗ್ ಅಂಗಡಿಯವರು ಒಂದಿಂಚು ಚೌಕದ ಪೈಪಿನಲ್ಲಿ 28 ಇಂಚು ಎತ್ತರದ ಸ್ಟ್ಯಾಂಡ್ ಮಾಡಿಕೊಟ್ಟರು. "ಏನಣ್ಣಾ, ಸಿಂಟೆಕ್ಸ್ ಇಡ್ತೀರಾ ಇದರ ಮೇಲೆ?" ಅಂತ ನಕ್ಕರು. ಮೇಲೆ ಪ್ಲೈವುಡ್, ಅದರ ಮೇಲೆ ಅರ್ಧ ಇಂಚು ಥರ್ಮಾಕೋಲ್. ಥರ್ಮಾಕೋಲ್ ಇಲ್ಲದಿದ್ದರೆ ಮರಳಿನ ಒಂದು ಕಾಳು ಕೆಳಗೆ ಸಿಕ್ಕಿಹಾಕಿಕೊಂಡರೂ ತಳದ ಗಾಜು ಅಲ್ಲಿಂದ ಬಿರುಕು ಬಿಡಬಹುದು. ರಸಮಟ್ಟ ಇಟ್ಟು ನೋಡಿದರೆ ನಮ್ಮ ಹಾಲಿನ ಟೈಲ್ಸು ಬಾಗಿಲ ಕಡೆಗೆ ಇಳಿಜಾರು. ಎರಡು ಕಾಲಿನ ಕೆಳಗೆ ರಬ್ಬರ್ ತುಂಡು ಕೊಟ್ಟೆ.

ಕಿಟಕಿಯಿಂದ ದೂರ ಇಟ್ಟಿದ್ದೇನೆ. ನೇರ ಬಿಸಿಲು ಬಿದ್ದರೆ ನೀರು ಪಾಚಿಗಟ್ಟಿ ಸೊಪ್ಪಿನ ಸಾರಾಗುತ್ತದೆ.

ಬೇಳೆ ಬೇಯದ ನೀರು

ನಮ್ಮ ಬೀದಿಯ ಬೋರ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ 900 ತೋರಿಸಿತು. ಟಿಡಿಎಸ್ ಅಂದರೆ ಒಂದು ಲೀಟರ್ ನೀರಿನಲ್ಲಿ ಉಪ್ಪು, ಸುಣ್ಣ ಎಲ್ಲ ಸೇರಿ ಎಷ್ಟು ಮಿಲಿಗ್ರಾಂ ಕರಗಿದೆ ಅನ್ನುವ ಲೆಕ್ಕ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಂಕಿ 500. ಬೇರೆ ನೀರೇ ಸಿಗದಿದ್ದರೆ 2,000ದವರೆಗೆ ಒಪ್ಪಬಹುದು ಅನ್ನುತ್ತದೆ ಅದೇ ಮಾನಕ. ಅಂಕಿ ಬೇಡ ಅಂದರೆ ಅಡುಗೆಮನೆ ಲೆಕ್ಕ ಹೇಳುತ್ತೇನೆ. ಈ ನೀರಲ್ಲಿ ತೊಗರಿಬೇಳೆ ಬೇಯಲ್ಲ. ಸೋಪು ನೊರೆ ಬರಲ್ಲ. ಸ್ಟೀಲ್ ಲೋಟ ಒರೆಸದೆ ಇಟ್ಟರೆ ಬೆಳಗ್ಗೆಗೆ ಬಿಳಿ ಚುಕ್ಕೆ. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ಗಡಸುತನ 28 ಡಿಗ್ರಿ ಬಂತು, ಅಂದರೆ ಲೀಟರಿಗೆ 500 ಮಿಲಿಗ್ರಾಂ.

ಈ ಕಡೆ ಬೀದಿ ಕೊನೆಯ ಶುದ್ಧ ನೀರಿನ ಘಟಕ. ಕಾಯಿನ್ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಆ ಆರ್‌ಒ ನೀರು 60. ಹಾಗಾದರೆ ಬರೀ ಅದನ್ನೇ ತುಂಬಿದರೆ ಆಯ್ತಲ್ಲ? ಆಗಲ್ಲ. ಆರ್‌ಒ ನೀರು ಹೊಟ್ಟೆ ಖಾಲಿ ಇರುವ ನೀರು. ಅದರಲ್ಲಿ ಗಿಡಕ್ಕೆ, ಮೀನಿನ ಮೂಳೆಗೆ ಬೇಕಾದಷ್ಟು ಸುಣ್ಣದಂಶ, ಮೆಗ್ನೀಸಿಯಂ ಇಲ್ಲ. ಹುಳಿಯನ್ನು ತಡೆದುಕೊಳ್ಳುವ ಬೈಕಾರ್ಬೊನೇಟ್ ಅಂತೂ ಹೆಸರಿಗಷ್ಟೇ. ಅದಿಲ್ಲದಿದ್ದರೆ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಹಗ್ಗ ಕಿತ್ತ ಕರುವಿನ ಹಾಗೆ.

ಒಂದು ಪಾಲು ಬೋರ್, ಎರಡು ಪಾಲು ಆರ್‌ಒ ಬೆರೆಸಿದೆ. 900 ಮತ್ತು ಎರಡು 60 ಕೂಡಿಸಿ ಮೂರರಿಂದ ಭಾಗಿಸಿದರೆ 340. ಬಕೆಟ್ಟಿನಲ್ಲಿ ಕಲಕಿ ಮೀಟರ್ ಅದ್ದಿದರೆ 338. ಆ ಎರಡು ಅಂಕಿ ಹತ್ತಿರ ಬಂದಾಗ ನನಗಾದ ಸಂತೋಷ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕುಡಿಯೋಕೆ ನೀರಿಲ್ಲದ ಊರಲ್ಲಿ ಮೀನಿಗೆ ಕ್ಯಾನ್ ನೀರು ತರ್ತಾನೆ" ಅಂದಳು. ನನಗಲ್ಲ, ತುಳಸಿ ಕಟ್ಟೆಗೆ ಹೇಳಿದ ಹಾಗೆ. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ನೋಡಿದವರು ನಮ್ಮ ನೆಂಟರಲ್ಲೇ ಇದ್ದಾರೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ, ಅದು ಬೆಂಗಳೂರಿನ ಕೊಳಚೆ ಸಂಸ್ಕರಿಸಿದ ನೀರು ಅಂತ ಗೊತ್ತಿದ್ದೂ ಜನ ನೋಡಲು ಹೋಗಿದ್ದರು. ಆಮೇಲೆ ಅಮ್ಮನೇ ಒಂದು ಉಪಾಯ ಹೇಳಿದಳು: ಅಂತರಗಂಗೆ ಬೆಟ್ಟದ ಕಲ್ಲು ಬಸವನ ಬಾಯಿಂದ ಬೀಳುವ ನೀರು ತಂದು ಹಾಕು. ಒಳ್ಳೆಯದೇ. ಆದರೆ 55 ಲೀಟರ್ ನೀರು ಹೊತ್ತು ಆ ಮೆಟ್ಟಿಲು ಇಳಿಯುವವರು ಯಾರು?

ನೀರು ಯಾವುದು ಅಂತ ತೀರ್ಮಾನವಾದ ಮೇಲೆ ಮೀನು ಯಾವುದು ಅಂತ ಹುಡುಕಿದೆ. ಅಂಗಡಿಯಲ್ಲಿ ಎಲ್ಲರೂ ತೋರಿಸುವುದು ನಿಯಾನ್ ಟೆಟ್ರಾ. ನೀಲಿ ಗೆರೆ ಹೊಳೆಯುತ್ತದೆ, ಚಂದ. ಅದು ಅಮೆಜಾನಿನ ಮೆದು ನೀರಿನ, ತಂಪು ನೆರಳಿನ ಮೀನು. ನಮ್ಮ ಏಪ್ರಿಲ್ಲಿನಲ್ಲಿ ಅದನ್ನು ಇಡುವುದು ಹಿಂಸೆ. ಗಪ್ಪಿಗೆ ಗಡಸು ನೀರು ಇಷ್ಟ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗೆ ಬಿಡುವ ಮೀನೂ ಅದೇ. ಜೊತೆಗೆ ಜೀಬ್ರಾ ಡ್ಯಾನಿಯೊ. ಅದು ನಮ್ಮ ದೇಶದ್ದೇ ಮೀನು. ಪ್ರಯೋಗಾಲಯಗಳಲ್ಲಿ ಲೋಕವೆಲ್ಲ ಸಾಕುವುದು ಇದನ್ನೇ, ಆದರೆ ಇಲ್ಲಿನ ಅಂಗಡಿಗಳಲ್ಲಿ ಅದಕ್ಕೆ ಮರ್ಯಾದೆ ಕಡಿಮೆ.

ಹೊಲದ ಮಣ್ಣು, ನಿಂಬೆಹಣ್ಣು

ಗಿಡಕ್ಕೆ ಅಂತಲೇ ಮಾರುವ ಮಣ್ಣಿನ ಚೀಲದ ಬೆಲೆ ನೋಡಿ ಕೈಬಿಟ್ಟೆ. ಶ್ರೀನಿವಾಸಪುರದ ಕಡೆ ನಮ್ಮ ಮಾವಿನ ತೋಪಿದೆ. ಅಲ್ಲಿ ಗೊಬ್ಬರ, ಔಷಧಿ ಬೀಳದ ಬದುವಿನ ಕೆಂಪು ಮಣ್ಣು ಒಂದು ಟೊಮೆಟೊ ಕ್ರೇಟ್ ತಂದೆ. ಕೆಂಪು ಅಂದರೆ ಕಬ್ಬಿಣ. ಗಿಡದ ಎಲೆ ಹಳದಿಯಾಗದಿರಲು ಅದು ಬೇಕು. ಬಕೆಟ್ಟಿನಲ್ಲಿ ನೆನೆಸಿ, ಮೇಲೆ ತೇಲುವ ಕಸ ಚೆಲ್ಲಿ, ಬಿಸಿಲಲ್ಲಿ ಒಣಗಿಸಿ, ಮತ್ತೆ ನೆನೆಸಿದೆ. ನಾಲ್ಕು ಸಲ. ಕೊಳೆಯುವುದು ಹೊರಗೇ ಕೊಳೆತು ಹೋಗಲಿ ಅಂತ. ಆಮೇಲೆ ಒಂದು ಹಿಡಿ ಎರೆಗೊಬ್ಬರ ಬೆರೆಸಿದೆ. ಒಂದೇ ಹಿಡಿ. ಹೊಲಕ್ಕೆ ಹಾಕುವ ಕೈಯಲ್ಲಿ ಟ್ಯಾಂಕಿಗೆ ಹಾಕಿದರೆ ಮುಗೀತು.

ಮಣ್ಣಿನ ಮೇಲೆ ಮರಳು ಹೊದಿಸಬೇಕು. ನದಿ ಮರಳು ಸಿಗಲ್ಲ, ಸಿಕ್ಕರೂ ಕೊಳ್ಳಲು ಆಗಲ್ಲ. ಎದುರು ಮನೆ ಕಟ್ಟುತ್ತಿದ್ದರು, ಎರಡು ಬಕೆಟ್ ಎಂ-ಸ್ಯಾಂಡ್ ಕೇಳಿ ತಂದೆ. ಎಂ-ಸ್ಯಾಂಡ್ ಅಂದರೆ ಒಡೆದು ಪುಡಿ ಮಾಡಿದ ಗ್ರಾನೈಟ್. ಅದು ನೀರಿನಲ್ಲಿ ಏನನ್ನೂ ಬಿಡುವುದಿಲ್ಲ. ತೊಂದರೆ ಧೂಳಿನದ್ದು. ರವೆ ಜರಡಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿ ಚೆಲ್ಲಿ, ಜರಡಿಯಲ್ಲಿ ಉಳಿದ ಕಾಳನ್ನು ಹದಿನಾಲ್ಕು ಸಲ ತೊಳೆದೆ. ರವೆ ಜರಡಿ ಯಾರದ್ದು ಅಂತ ಹೆಂಡತಿ ಮೂರನೇ ದಿನ ಕೇಳಿದಳು. ಹೊಸದು ತಂದುಕೊಟ್ಟೆ. ಎಂ-ಸ್ಯಾಂಡಿನ ಅಂಚು ಚೂಪು. ನೆಲ ಕೆದಕುವ ಕೋರಿಡೋರಾಸ್ ತರಹದ ಮೀನು ಇಡುವವರು ಇದನ್ನು ಬಳಸಬೇಡಿ, ಮೀಸೆ ತರಚುತ್ತದೆ.

ಕಲ್ಲಿನ ವಿಷಯಕ್ಕೆ ಮಗಳು ಬೇಕಾದಳು. ತೋಪಿನಿಂದ ತಂದ ಹದಿಮೂರು ಕಲ್ಲನ್ನು ಅಂಗಳದಲ್ಲಿ ಸಾಲಾಗಿ ಇಟ್ಟು, ಒಂದೊಂದರ ಮೇಲೂ ನಿಂಬೆಹಣ್ಣು ಹಿಂಡಿದೆವು. ಬೂದು ಗ್ರಾನೈಟ್ ಮೇಲೆ ರಸ ಸುಮ್ನೆ ಹರಿದು ಹೋಯಿತು. ಬೆಣಚುಕಲ್ಲಿನ ಮೇಲೂ ಅಷ್ಟೇ. ಹನ್ನೊಂದನೆಯದು ಕೋಳಿಮೊಟ್ಟೆಯಷ್ಟು ದೊಡ್ಡ ಬಿಳಿ ಉಂಡೆ. ರಸ ಬಿದ್ದ ಕೂಡಲೇ ಸಣ್ಣ ಸದ್ದು, ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಮೊದಲು ಬರುತ್ತದಲ್ಲ, ಹಾಗೆ. ಆಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಎದ್ದವು. ಮಗಳು ಕಿವಿ ಹತ್ತಿರ ಇಟ್ಟುಕೊಂಡು ಕೇಳಿದಳು. ಸುಣ್ಣಕಲ್ಲು. ಅದು ಟ್ಯಾಂಕಿನೊಳಗೆ ಹೋದರೆ ಕರಗುತ್ತಾ ಕರಗುತ್ತಾ ನಾನು ಕ್ಯಾನ್ ಹೊತ್ತು ಇಳಿಸಿದ ಗಡಸುತನವನ್ನು ಮತ್ತೆ ಏರಿಸುತ್ತಿತ್ತು. ಶಂಖ, ಕವಡೆ, ಅಂಗಡಿಯ ಬಣ್ಣದ ಅಮೃತಶಿಲೆ ಚೂರು, ಎಲ್ಲಕ್ಕೂ ಇದೇ ಮಾತು.

ಮಣ್ಣು ಒಂದಿಂಚು, ಮೇಲೆ ಮರಳು ಒಂದೂವರೆ ಇಂಚು. ಮಣ್ಣು ಅದಕ್ಕಿಂತ ಜಾಸ್ತಿ ಹಾಕಿದರೆ ಗಾಳಿಯಾಡದೆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಕಟ್ಟುತ್ತದೆ. ವಾರಕ್ಕೊಮ್ಮೆ ಪೊರಕೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚುತ್ತೇನೆ. ಗುಳ್ಳೆ ಬಂದರೆ ಬರಲಿ. ನೀರು ತುಂಬುವಾಗ ಮರಳಿನ ಮೇಲೆ ಒಂದು ಊಟದ ತಟ್ಟೆ ಇಟ್ಟು, ತಟ್ಟೆ ಮೇಲೆ ನಿಧಾನಕ್ಕೆ ಸುರಿಯಬೇಕು. ನಾನು ಕೊನೆಯ ಬಕೆಟ್ಟಿಗೆ ಅವಸರ ಮಾಡಿದೆ. ಮಣ್ಣು ಎದ್ದು ಟ್ಯಾಂಕ್ ತುಂಬಾ ಟೀ. ಎರಡು ದಿನ ಬಿಟ್ಟು ತಿಳಿಯಾಯಿತು.

ಗಿಡ

ಗಡಸು ನೀರಿನವರಿಗೆ ಸಿಲಿಂಡರ್ ಇಟ್ಟು ಇಂಗಾಲದ ಡೈಆಕ್ಸೈಡ್ ಬಿಡುವ ಖರ್ಚು ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ನೀರಿನಲ್ಲಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳುವ ಗಿಡಗಳಿವೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್. ಇವನ್ನೇ ಜಾಸ್ತಿ ಹಾಕಿದೆ. ಮುಂದೆ ಕ್ರಿಪ್ಟೊಕೊರೈನ್, ಕಲ್ಲಿಗೆ ದಾರದಲ್ಲಿ ಕಟ್ಟಿದ ಜಾವಾ ಫರ್ನ್, ಒಂದು ಮೂಲೆಯಲ್ಲಿ ನೀರು ಬ್ರಾಹ್ಮಿ. ಜಾವಾ ಫರ್ನಿನ ಬೇರುಗಡ್ಡೆಯನ್ನು ಮರಳಿನೊಳಗೆ ಹೂತರೆ ಕೊಳೆಯುತ್ತದೆ, ಕಟ್ಟಿಯೇ ಇಡಬೇಕು. ಬೆಂಗಳೂರಿಗೆ ಹೋದಾಗ ಆಸೆಗೆ ಬಿದ್ದು ಕೆಂಪು ರೊಟಾಲಾ ಒಂದು ಕಟ್ಟು ತಂದಿದ್ದೆ. ಮೂರು ವಾರಕ್ಕೆ ಕರಗಿಹೋಯಿತು.

ಕ್ರಿಪ್ಟೊಕೊರೈನ್ ಕೂಡ ಮೊದಲ ವಾರದಲ್ಲಿ ಎಲೆ ಎಲ್ಲ ಕೊಳೆತು ಲೋಳೆಯಾಗುತ್ತದೆ. ಕಿತ್ತು ಎಸೆಯಬೇಡಿ. ಜಾಗ ಬದಲಾದ ಕೋಪ ಅದಕ್ಕೆ. ಬೇರು ಬದುಕಿರುತ್ತದೆ, ಒಂದು ತಿಂಗಳಿಗೆ ಹೊಸ ಎಲೆ ಬಿಡುತ್ತದೆ.

ಸ್ನೇಹಿತರೊಬ್ಬರು ಕೆರೆಯಿಂದ ಹೈಡ್ರಿಲ್ಲಾ ತಂದುಕೊಟ್ಟರು. ನೇರ ಟ್ಯಾಂಕಿಗೆ ಹಾಕದೆ ಬಕೆಟ್ಟಿನಲ್ಲಿ ಒಂದು ವಾರ ಇಟ್ಟೆ. ಐದನೇ ದಿನ ಬಕೆಟ್ ತಳದಲ್ಲಿ ಆರು ಕಾಲಿನ, ಬೂದು ಬಣ್ಣದ ಒಂದು ಪ್ರಾಣಿ ಓಡಾಡುತ್ತಿತ್ತು. ಏರೋಪ್ಲೇನ್ ಚಿಟ್ಟೆಯ ಮರಿ. ಅದು ನೀರಿನೊಳಗೆ ಗಪ್ಪಿಯನ್ನು ಹಿಡಿದು ತಿನ್ನುವ ಜೀವ. ಬಸವನಹುಳು ಮಾತ್ರ ಹೇಗೋ ಟ್ಯಾಂಕ್ ಸೇರಿಕೊಂಡಿತು. ಅದರಿಂದ ತೊಂದರೆಯಿಲ್ಲ, ಪಾಚಿ ತಿನ್ನುತ್ತದೆ. ಅದರ ಸಂತಾನ ಹೆಚ್ಚಾಯಿತು ಅಂದರೆ ನೀವು ಮೀನಿಗೆ ಜಾಸ್ತಿ ಕಾಳು ಹಾಕುತ್ತಿದ್ದೀರಿ ಅಂತ ಅರ್ಥ.

ನೀರಿನ ಮೇಲೆ ತೇಲುವುದಕ್ಕೆ ಅಂತರಗಂಗೆ. ಬೆಟ್ಟವಲ್ಲ, ಗಿಡ. ಎಲೆಕೋಸಿನ ಮರಿಯ ಹಾಗೆ ಇರುತ್ತದೆ, ಬೇರು ಗಡ್ಡದ ಹಾಗೆ ಇಳಿಬಿದ್ದಿರುತ್ತದೆ. ಅಂತರಗಂಗೆಯ ಬುಡದಲ್ಲಿ ಅಂತರಗಂಗೆ ಬೆಳೆಸಿದೆ ಅಂತ ಹೇಳಿಕೊಂಡು ತಿರುಗಲು ಚೆನ್ನಾಗಿದೆ. ನೀರಿನೊಳಗಿನ ಅಮೋನಿಯಾ, ನೈಟ್ರೇಟನ್ನು ಅದು ಹೀರಿಕೊಳ್ಳುವ ವೇಗ ನೋಡಿದರೆ ಬೇರೆ ಗಿಡಗಳೆಲ್ಲ ಸೋಮಾರಿಗಳು. ಎಂಟು ಗಿಡ ತಂದದ್ದು ತಿಂಗಳಲ್ಲಿ ಮೇಲ್ಮೈ ಪೂರ್ತಿ ಮುಚ್ಚಿತು. ಅರ್ಧ ಕಿತ್ತು ಕರಿಬೇವಿನ ಬುಡಕ್ಕೆ ಹಾಕುತ್ತಿರುತ್ತೇನೆ. ಕೆರೆಗೆ, ಕಾಲುವೆಗೆ ಮಾತ್ರ ಎಸೆಯಬೇಡಿ. ಅಲ್ಲಿ ಅದು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ಬೆಳಕಿಗೆ ಎರಡಡಿಯ 10 ವ್ಯಾಟ್ ಎಲ್‌ಇಡಿ ಟ್ಯೂಬ್ ಎರಡು, ಬಿಳಿ ಬೆಳಕಿನ 6500 ಕೆ. ಮನೆಗೆ ಹಾಕುವಂಥದ್ದೇ. ಟೈಮರ್ ಪ್ಲಗ್ಗಿನಲ್ಲಿ ದಿನಕ್ಕೆ ಏಳು ಗಂಟೆ. ಮೊದಲು ಹತ್ತು ಗಂಟೆ ಇಟ್ಟಿದ್ದೆ, ಗಾಜಿಗೆಲ್ಲ ಕಂದು ಪಾಚಿ ಬಂತು.

ಎಳೆ ಬಾಳೆಎಲೆಯ ಬಣ್ಣ

ಫೆಬ್ರವರಿ ಕೊನೆಗೆ ಟ್ಯಾಂಕ್ ತಿಳಿಯಾಗಿ, ಗಿಡ ನಿಂತು, ನೋಡಲು ಸಿದ್ಧವಾದ ಹಾಗೇ ಇತ್ತು. ಆಗಿರಲಿಲ್ಲ. ಮಣ್ಣಿನಿಂದ ಅಮೋನಿಯಾ ಬಿಡುತ್ತಿತ್ತು. ಮೀನಿನ ಹಿಕ್ಕೆಯಿಂದಲೂ ಬರುವುದು ಅದೇ. ಅದನ್ನು ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ಮರಳಿನ ಮೇಲೆ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿ ಪಾತ್ರೆ ಅಲ್ಲಾಡಿಸಬಾರದು ಅಂತಾರಲ್ಲ, ಆ ಥರ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಹನ್ನೆರಡನೇ ದಿನ ಮಗಳ ಹುಟ್ಟುಹಬ್ಬ ಅಂತ ಆರು ಗಪ್ಪಿ ತಂದು ಬಿಟ್ಟೆ. ಗಿಡ ಇದೆಯಲ್ಲ, ನೋಡಿಕೊಳ್ಳುತ್ತದೆ ಅಂದುಕೊಂಡೆ. ಮರುದಿನ ಬೆಳಗ್ಗೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಪರೀಕ್ಷೆ ಕೊಳವೆಗೆ ನೀರು ಹಿಡಿದು ಹನಿ ಹಾಕಿ ಐದು ನಿಮಿಷ ಕಾದೆ. ಹಳದಿ ಇರಬೇಕಾದ್ದು ಎಳೆ ಬಾಳೆಎಲೆ ಬಣ್ಣಕ್ಕೆ ಬಂತು. ಅಮೋನಿಯಾ ಒಂದು ಪಿಪಿಎಂ, ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ. ನಮ್ಮ ನೀರಿನ ಪಿಎಚ್ 8.2. ಅದೇ ದೊಡ್ಡ ಪೆಟ್ಟು. ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಮಾತ್ರ ವಿಷದ ರೂಪದಲ್ಲಿ ಇರುತ್ತದೆ. 8.2ರಲ್ಲಿ ಎಂಟು, ನೀರು ಬೆಚ್ಚಗಿದ್ದರೆ ಹತ್ತು ಪಾಲಿನವರೆಗೆ. ಬೇರೆ ಊರಿನವರು ವಿಡಿಯೋದಲ್ಲಿ "ಒಂದು ಪಿಪಿಎಂ ಪರವಾಗಿಲ್ಲ" ಅಂದರೆ ಅದು ಅವರ ನೀರಿನ ಮಾತು.

ಮೂರು ದಿನದಲ್ಲಿ ಮೂರು ಗಪ್ಪಿ ಸತ್ತವು. ಮಗಳು ಅಳಲಿಲ್ಲ, ಆದರೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಉಳಿದ ಮೂರನ್ನು ಬಕೆಟ್ಟಿಗೆ ಹಾಕಿ ದಿನಾ ಅರ್ಧ ನೀರು ಬದಲಾಯಿಸಿ ಉಳಿಸಿಕೊಂಡೆವು. ಹೈಡ್ರಿಲ್ಲಾ ಕೊಟ್ಟ ಸ್ನೇಹಿತರ ಹಳೇ ಟ್ಯಾಂಕಿನ ಸ್ಪಂಜ್ ಹಿಂಡಿದ ಕೊಳೆ ನೀರು ಅರ್ಧ ಲೀಟರ್ ತಂದು ನನ್ನ ಟ್ಯಾಂಕಿಗೆ ಸುರಿದೆ. ನೋಡಲು ಅಸಹ್ಯ, ಆದರೆ ಹೆಪ್ಪು ಅದೇ. ಮೂರನೇ ವಾರ ನೈಟ್ರೈಟ್ ಏರಿತು. ಐದನೇ ವಾರದ ಕೊನೆಗೆ ಎರಡೂ ಸೊನ್ನೆ. ಮೂರು ದಿನ ಸತತ ಸೊನ್ನೆ ನೋಡಿದ ಮೇಲೆ ಬಕೆಟ್ಟಿನ ಮೂರು ವಾಪಸ್ ಬಂದವು. ಹದಿನೈದು ದಿನ ಬಿಟ್ಟು ಆರು ಡ್ಯಾನಿಯೊ.

ಕರೆಂಟ್ ಹೋದ ರಾತ್ರಿ

ಫಿಲ್ಟರ್ ಅಂದರೆ ಸಾದಾ ಸ್ಪಂಜ್ ಫಿಲ್ಟರ್, ಏರ್ ಪಂಪಿನ ಗಾಳಿಗೆ ಓಡುತ್ತದೆ. ಪಂಪನ್ನು ಸ್ಟ್ಯಾಂಡಿನ ಕೆಳಗೆ ನೆಲದ ಮೇಲೆ ಇಟ್ಟಿದ್ದೆ. ಮಾರ್ಚಿನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಗಾಳಿ ನಿಂತ ಕೂಡಲೇ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ, ಪಂಪಿನಿಂದ ನೆಲಕ್ಕೆ. ಬೆಳಗ್ಗೆ ಕಾಲಿಟ್ಟರೆ ಹಾಲ್ ಪೂರ್ತಿ ನೀರು. ಪಂಪ್ ಹೋಗಿತ್ತು. ಪಂಪಿನ ಪಕ್ಕದಲ್ಲೇ ಎಕ್ಸ್‌ಟೆನ್ಷನ್ ಬೋರ್ಡ್ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಈಗ ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಯ ಮೊಳೆಯಲ್ಲಿದೆ. ಕೊಳವೆಯ ನಡುವೆ ಹತ್ತು ರೂಪಾಯಿಯ ನಾನ್-ರಿಟರ್ನ್ ವಾಲ್ವ್. ವಾಲ್ವನ್ನು ತಿರುಗಿಸಿ ಹಾಕಿದರೆ ಗಾಳಿಯೇ ಬರಲ್ಲ, ಮೊದಲು ಊದಿ ನೋಡಿ ಹಾಕಿ. ಎಲ್ಲ ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಒಂದು ಸಲ ಜೋತುಬಿಟ್ಟು ಮೇಲೆ ತಂದಿದ್ದೇನೆ. ವೈರ್ ಮೇಲೆ ನೀರು ಹರಿದರೂ ಆ ಜೋತಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿಗೆ ಹೋಗಲ್ಲ.

ದಿನಾ ಒಂದು ಚೊಂಬು

ಏಪ್ರಿಲ್ಲಿನಲ್ಲಿ ಹತ್ತು ದಿನ ತರಬೇತಿ ಅಂತ ಮೈಸೂರಿಗೆ ಹೋಗಬೇಕಾಯಿತು. ಮೀನಿಗೆ ಕಾಳು ಹಾಕುವುದು ಮಗಳ ಕೆಲಸ ಅಂತ ಹೇಳಿ ಹೊರಟೆ. ನೀರಿನ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ.

ವಾಪಸ್ ಬಂದಾಗ ಟ್ಯಾಂಕ್ ತುಂಬಿ ತುಳುಕುತ್ತಿತ್ತು. ಹೊರಡುವಾಗ ಎಷ್ಟಿತ್ತೋ ಅಷ್ಟೇ. ಬಿರುಬೇಸಿಗೆಯಲ್ಲಿ ಇದು ಹೇಗೆ ಅಂತ ಮೀಟರ್ ಅದ್ದಿದೆ. 340 ಇದ್ದದ್ದು 490. ಎರಡು ಸಲ ಒರೆಸಿ ಅದ್ದಿದೆ. 490.

"ನೀನು ಊರಲ್ಲಿಲ್ಲ, ನೀರು ದಿನಾ ಇಳೀತಿತ್ತು ಕಣೋ. ಪಾಪ ಅಂತ ಬೆಳಗ್ಗೆ ಒಂದೊಂದು ಚೊಂಬು ಹಾಕ್ತಿದ್ದೆ" ಅಂದಳು ಅಮ್ಮ. ಹಿತ್ತಲ ನಲ್ಲಿಯ ಬೋರ್ ನೀರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಟ್ಯಾಂಕಿನಿಂದ ದಿನಕ್ಕೆ ಅರ್ಧ ಸೆಂಟಿಮೀಟರ್ ನೀರು ಆವಿಯಾಗುತ್ತಿತ್ತು. ಎರಡಡಿ ಉದ್ದ, ಒಂದಡಿ ಅಗಲಕ್ಕೆ ಅದು ಹೆಚ್ಚು ಕಡಿಮೆ 900 ಎಂಎಲ್, ಒಂದು ಚೊಂಬು. ಆವಿಯಾಗುವುದು ಬರೀ ನೀರು. ಉಪ್ಪು, ಸುಣ್ಣ ಎಲ್ಲ ಒಳಗೇ ಉಳಿಯುತ್ತದೆ. ಹೋದ ನೀರಿನ ಜಾಗಕ್ಕೆ 900ರ ನೀರು ಬಂದರೆ ದಿನಕ್ಕೆ 800 ಮಿಲಿಗ್ರಾಂ ಚಿಲ್ಲರೆ ಹೊಸದಾಗಿ ಸೇರುತ್ತದೆ. 55 ಲೀಟರಿಗೆ ಹಂಚಿದರೆ ಲೀಟರಿಗೆ 15. ಹತ್ತು ದಿನಕ್ಕೆ 150. ಅಮ್ಮನ ಚೊಂಬು ಲೆಕ್ಕಕ್ಕೆ ಎಷ್ಟು ಸರಿಯಾಗಿತ್ತು ಅಂದರೆ ನಾನೇ ಪಿಪೆಟ್ಟಿನಲ್ಲಿ ಹಾಕಿದ್ದರೂ ಹೀಗೆ ಬರುತ್ತಿರಲಿಲ್ಲ.

ಮೀನಿಗೆ ಏನೂ ಆಗಿರಲಿಲ್ಲ. ಗಪ್ಪಿ ಇದಕ್ಕಿಂತ ಜಾಸ್ತಿ ತಡೆಯುತ್ತದೆ, ಏರಿದ್ದೂ ನಿಧಾನಕ್ಕೆ. ಆದರೆ ವ್ಯಾಲಿಸ್ನೇರಿಯಾದ ಎಲೆ ಮೇಲೆ ಬಿಳಿ ಹೊಟ್ಟು ಕೂತಿತ್ತು. ಎರಡು ಬೆರಳ ನಡುವೆ ಎಳೆದರೆ ಸೀಮೆಸುಣ್ಣದ ಪುಡಿ ಮುಟ್ಟಿದ ಹಾಗೆ ಗರಗರ. ಗಿಡ ಬೈಕಾರ್ಬೊನೇಟಿನಿಂದ ಇಂಗಾಲ ಎಳೆದುಕೊಂಡಾಗ ಸುಣ್ಣ ಎಲೆ ಮೇಲೇ ಇಳಿಯುತ್ತದೆ. ಬೆಳಗ್ಗೆ 7.8 ಇರುವ ಪಿಎಚ್ ಸಂಜೆ ಲೈಟ್ ಆರುವ ಹೊತ್ತಿಗೆ 8.4 ಆಗುವುದೂ ಇದರಿಂದಲೇ.

ಅಂದಿನಿಂದ ಎರಡು ಕ್ಯಾನ್, ಎರಡು ಬಣ್ಣದ ಟೇಪ್. ನೀಲಿ ಟೇಪಿನದ್ದು ಬರೀ ಆರ್‌ಒ, ದಿನಾ ಇಳಿದ ನೀರು ತುಂಬಲು. ಕೆಂಪು ಟೇಪಿನದ್ದು ಬೆರೆಸಿದ ನೀರು, ಭಾನುವಾರ ಹತ್ತು ಲೀಟರ್ ತೆಗೆದು ಹತ್ತು ಲೀಟರ್ ಹಾಕಲು. 490ರಿಂದ 350ಕ್ಕೆ ಇಳಿಸಲು ತಿಂಗಳುಗಟ್ಟಲೆ ಹಿಡಿಯಿತು. ಒಂದೇ ದಿನದಲ್ಲಿ ಇಳಿಸಬಹುದಿತ್ತು, ಆದರೆ ಮೀನಿಗೆ ದಿಢೀರ್ ಬದಲಾವಣೆ ಕಷ್ಟ. ಬೋರ್ ಬದಲು ಟ್ಯಾಂಕರ್ ನೀರು ಬಂದ ವಾರ ಆ ಪಾಲನ್ನು ಬಕೆಟ್ಟಿನಲ್ಲಿ ಗಾಳಿ ಬಿಟ್ಟು ಒಂದು ದಿನ ಇಡುತ್ತೇನೆ, ಅದರಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಇರುತ್ತದೆ.

ತೆಗೆದ ಹತ್ತು ಲೀಟರ್ ಅಮ್ಮನ ಪಾಲು. ಅದನ್ನು ಕರಿಬೇವಿಗೂ ದಾಸವಾಳಕ್ಕೂ ಹಂಚುತ್ತಾಳೆ. ಭಾನುವಾರ ನಾನು ಎದ್ದು ಕಾಫಿ ಕುಡಿಯುವ ಮೊದಲೇ "ಮೀನಿನ ನೀರು ಯಾವಾಗ ತೆಗೀತೀಯ?" ಅಂತ ಬಕೆಟ್ ತಂದು ಇಡುತ್ತಾಳೆ. ಕ್ಯಾನ್ ನೀರಿನ ಮಾತು ಈಗ ಎತ್ತುವುದಿಲ್ಲ.

ಇವತ್ತಿನ ಲೆಕ್ಕ: ಟಿಡಿಎಸ್ 346, ನೀರು 26 ಡಿಗ್ರಿ, ಡ್ಯಾನಿಯೊ ಆರು. ಗಪ್ಪಿ ಮಾತ್ರ ಎಣಿಸಲು ಆಗುತ್ತಿಲ್ಲ. ಮಗಳು 31 ಅನ್ನುತ್ತಾಳೆ, ನನಗೆ 27 ಸಿಕ್ಕಿತು. ಬದುಕಿದ ಮೂರರಲ್ಲಿ ಎರಡು ಹೆಣ್ಣು. ತಿಂಗಳಿಗೊಮ್ಮೆ ಮರಿ ಹಾಕುತ್ತವೆ, ಅಂತರಗಂಗೆ ಬೇರಿನ ಗಡ್ಡದೊಳಗೆ ಅಡಗಿ ಅರ್ಧದಷ್ಟು ಉಳಿದುಕೊಳ್ಳುತ್ತವೆ. ಎಂ-ಸ್ಯಾಂಡ್ ಕೊಟ್ಟ ಎದುರು ಮನೆಯವರು ಕ್ಯೂರಿಂಗಿಗೆ ಕಟ್ಟಿಸಿದ ಸಿಮೆಂಟ್ ತೊಟ್ಟಿಯಲ್ಲಿ ಸೊಳ್ಳೆ ಮರಿ ತುಂಬಿಕೊಂಡಿವೆಯಂತೆ. ಹೊಸ ಸಿಮೆಂಟಿನ ಸುಣ್ಣ ಬಿಡಲಿ, ಎರಡು ಸಲ ತೊಟ್ಟಿ ತೊಳೆದು ನೀರು ಬದಲಾಯಿಸಿ ಅಂದಿದ್ದೇನೆ. ಆಮೇಲೆ ಪಿಎಚ್ ನೋಡಿ ಹತ್ತು ಗಪ್ಪಿ ಕೊಡಬೇಕು. ಯಾವ ಹತ್ತು ಅಂತ ಮಗಳು ಇನ್ನೂ ತೀರ್ಮಾನ ಮಾಡಿಲ್ಲ.